ವಸತಿ ಯೋಜನೆಗಳ ಜಾಹೀರಾತಿನಲ್ಲಿ ಪ್ರಸಿದ್ಧ ಬ್ರಾಂಡ್‌ಗಳ ಹೆಸರು: ಮನೆ ಖರೀದಿದಾರರಿಗೆ ಮಾಹಿತಿ

ವಸತಿ ಸಮುಚ್ಚಯಗಳ ಜಾಹೀರಾತುಗಳಲ್ಲಿ ಹೋಟೆಲ್ ಸಂಸ್ಥೆ, ವಿನ್ಯಾಸ ಸಂಸ್ಥೆ ಅಥವಾ ಖ್ಯಾತ ವ್ಯಕ್ತಿಗಳ ಹೆಸರು ಕಟ್ಟಡ ನಿರ್ಮಾಣಗಾರರ ಹೆಸರಿಗಿಂತ ದೊಡ್ಡದಾಗಿ ಕಾಣುವುದು ಸಾಮಾನ್ಯವಾಗಿದೆ. ಇಂತಹ ಹೆಸರನ್ನು ನಂಬಿ ಮುಂಗಡ ಪಾವತಿಸುವ ಮೊದಲು, ಕಾನೂನಿನ ದೃಷ್ಟಿಯಲ್ಲಿ ಹೊಣೆಗಾರರು ಯಾರೆಂಬುದನ್ನು ಸಾರ್ವಜನಿಕರು ತಿಳಿದಿರುವುದು ಅವಶ್ಯ.

ಬಹುತೇಕ ಸಂದರ್ಭಗಳಲ್ಲಿ ಬ್ರಾಂಡ್ ಸಂಸ್ಥೆಯು ಮನೆಯನ್ನು ಕಟ್ಟುವುದೂ ಇಲ್ಲ, ಮಾರುವುದೂ ಇಲ್ಲ. ಶುಲ್ಕ ಪಡೆದು ತನ್ನ ಹೆಸರನ್ನು ಬಳಸಲು ಪರವಾನಗಿ ನೀಡಿರುತ್ತದೆ. ಪುಣೆಯ ಟ್ರಂಪ್ ಟವರ್ಸ್ ಇದಕ್ಕೆ ಉದಾಹರಣೆ: ನಿರ್ಮಿಸಿದವರು ಪಂಚಶೀಲ್ ರಿಯಾಲ್ಟಿ, ಹೆಸರು ಮಾತ್ರ ಪರವಾನಗಿಯ ಮೇಲೆ ಬಂದದ್ದು. ಈ ಶುಲ್ಕದ ಹೊರೆ ಅಂತಿಮವಾಗಿ ಮನೆಯ ಬೆಲೆಯಲ್ಲಿಯೇ ಸೇರುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಹೆಸರು ಶಾಶ್ವತವೂ ಅಲ್ಲ. ನ್ಯೂಯಾರ್ಕಿನ ರಿವರ್‌ಸೈಡ್ ಬುಲೆವಾರ್ಡ್‌ನ 200ನೇ ಸಂಖ್ಯೆಯ ಕಟ್ಟಡದ ನಿವಾಸಿಗಳು 2018ರಲ್ಲಿ ನ್ಯಾಯಾಲಯದ ತೀರ್ಪಿನ ನಂತರ ಇದೇ ಹೆಸರನ್ನು ತೆಗೆದುಹಾಕಿದರು.

ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, 2016ರ ಪ್ರಕಾರ ಖರೀದಿದಾರರಿಗೆ ಉತ್ತರದಾಯಿಯಾದವರು ‘ಪ್ರವರ್ತಕರು’. ಕಟ್ಟುವವರು ಮತ್ತು ಮಾರುವವರು ಬೇರೆ ಬೇರೆಯಾಗಿದ್ದಲ್ಲಿ ಇಬ್ಬರೂ ಪ್ರವರ್ತಕರೆನಿಸಿ ಜಂಟಿಯಾಗಿ ಹೊಣೆಗಾರರಾಗುತ್ತಾರೆ. ಕೇವಲ ಹೆಸರು ನೀಡಿದ ಸಂಸ್ಥೆಯು ಸಾಮಾನ್ಯವಾಗಿ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದುದರಿಂದ ಕರಾರು ಪತ್ರದಲ್ಲಿ ಸಹಿ ಮಾಡುವವರು ಯಾರೆಂಬುದೇ ಮುಖ್ಯ.

ಜಾಹೀರಾತಿನ ಮಾತಿಗೆ ಬೆಲೆಯೇ ಇಲ್ಲವೆಂದು ಇದರಿಂದ ಭಾವಿಸತಕ್ಕದ್ದಲ್ಲ. ಸದರಿ ಅಧಿನಿಯಮದ 12ನೇ ಕಲಮಿನಂತೆ, ಜಾಹೀರಾತು, ವಿವರ ಪತ್ರಿಕೆ ಅಥವಾ ಮಾದರಿ ಮನೆಯಲ್ಲಿನ ತಪ್ಪು ಮಾಹಿತಿಯನ್ನು ನಂಬಿ ಹಣ ಪಾವತಿಸಿ ನಷ್ಟ ಹೊಂದಿದವರಿಗೆ ಪ್ರವರ್ತಕರು ಪರಿಹಾರ ನೀಡಬೇಕು. ಖರೀದಿದಾರರು ಯೋಜನೆಯಿಂದ ಹಿಂದೆ ಸರಿಯಲು ಇಚ್ಛಿಸಿದಲ್ಲಿ ಪೂರ್ಣ ಹಣವನ್ನು ಬಡ್ಡಿ ಹಾಗೂ ಪರಿಹಾರ ಸಹಿತ ಹಿಂದಿರುಗಿಸಬೇಕು. ಈ ಕಾರಣದಿಂದ ಪತ್ರಿಕಾ ಜಾಹೀರಾತು, ಕರಪತ್ರ ಮತ್ತು ಮಾರಾಟ ಪ್ರತಿನಿಧಿಗಳ ಸಂದೇಶಗಳನ್ನು ದಿನಾಂಕ ಸಹಿತ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಮನೆ ಸಿಕ್ಕ ನಂತರ ಕರಪತ್ರ ಎಸೆಯುವ ರೂಢಿಯಿಂದ ಅನೇಕರು ತಮ್ಮ ಸಾಕ್ಷ್ಯವನ್ನು ತಾವೇ ಕಳೆದುಕೊಳ್ಳುತ್ತಾರೆ.

ಕರಾರು ಪತ್ರದ ಅನುಸೂಚಿಯನ್ನು ವಿಶೇಷವಾಗಿ ಗಮನಿಸಬೇಕು. ಲಿಫ್ಟ್, ನಲ್ಲಿ, ಸ್ನಾನಗೃಹದ ಸಾಮಗ್ರಿಗಳ ಬ್ರಾಂಡನ್ನು ಜಾಹೀರಾತಿನಲ್ಲಿ ಹೆಸರಿಸಿ, ಕರಾರಿನಲ್ಲಿ ‘ಅಥವಾ ತತ್ಸಮಾನ’ ಎಂದು ನಮೂದಿಸಿರುವ ಸಂಭವವುಂಟು. ಆ ಎರಡು ಪದಗಳ ಬಲದಿಂದ ಬೇರೆ ತಯಾರಿಕೆಯ ವಸ್ತುವನ್ನು ಅಳವಡಿಸಲು ದಾರಿಯಾಗುತ್ತದೆ. ಹೋಟೆಲ್ ಸಂಸ್ಥೆಯೇ ನಿರ್ವಹಣೆ ಮಾಡುವುದಾದಲ್ಲಿ ಮಾಸಿಕ ಶುಲ್ಕ, ಅದರ ಹೆಚ್ಚಳದ ಕ್ರಮ ಮತ್ತು ಪರವಾನಗಿಯ ಅವಧಿಯನ್ನು ಲಿಖಿತವಾಗಿ ಕೇಳಿ ಪಡೆಯಬೇಕು.

ಖ್ಯಾತನಾಮರ ಪ್ರಚಾರವೂ ಯೋಜನೆ ಪೂರ್ಣಗೊಳ್ಳುವ ಭರವಸೆಯಲ್ಲ. ನೋಯ್ಡಾ ಭಾಗದ ಆಮ್ರಪಾಲಿ ಸಮೂಹಕ್ಕೆ ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿಯವರು ಪ್ರಚಾರ ರಾಯಭಾರಿಯಾಗಿದ್ದು, 2016ರಲ್ಲಿ ಹಿಂದೆ ಸರಿದರು. ಸಾವಿರಾರು ಕುಟುಂಬಗಳು ಹಣ ಕಟ್ಟಿ ಕಾಯುತ್ತಿದ್ದ ಸದರಿ ಸಮೂಹದ ನೋಂದಣಿಯನ್ನು ಸರ್ವೋಚ್ಚ ನ್ಯಾಯಾಲಯವು 2019ರ ಜುಲೈ 23ರಂದು ರದ್ದುಪಡಿಸಿ, ಉಳಿದ ಕಾಮಗಾರಿಯನ್ನು ಎನ್‌ಬಿಸಿಸಿ ಸಂಸ್ಥೆಗೆ ವಹಿಸಿತು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ 21ನೇ ಕಲಮಿನ ಮೇರೆಗೆ ದಾರಿತಪ್ಪಿಸುವ ಜಾಹೀರಾತನ್ನು ಅನುಮೋದಿಸಿದವರಿಗೂ 10 ಲಕ್ಷ ರೂಪಾಯಿಗಳವರೆಗೆ, ಪುನರಾವರ್ತನೆಯಾದಲ್ಲಿ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಆದರೆ ಸಾಕಷ್ಟು ಪರಿಶೀಲನೆ ನಡೆಸಿದ್ದೆನೆಂದು ತೋರಿಸಿದವರು ಈ ದಂಡದಿಂದ ಪಾರಾಗುತ್ತಾರೆ.

ನೋಂದಣಿ ಅಗತ್ಯವಿರುವ ಯೋಜನೆಯನ್ನು ನೋಂದಾಯಿಸದೆ ಜಾಹೀರಾತು ನೀಡುವಂತಿಲ್ಲ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಮತ್ತು ಪ್ರಾಧಿಕಾರದ ಜಾಲತಾಣದ ವಿಳಾಸ ಇರಲೇಬೇಕು. ಕರ್ನಾಟಕದಲ್ಲಿ ಈ ಸಂಖ್ಯೆಯು ‘ಪಿಆರ್‌ಎಂ/ಕೆಎ/ರೇರಾ’ ಎಂದು ಆರಂಭವಾಗುತ್ತದೆ. ಸಂಖ್ಯೆಯನ್ನು ಜಾಲತಾಣದಲ್ಲಿ ನಮೂದಿಸಿ ಪ್ರವರ್ತಕರ ಹೆಸರು, ಮಂಜೂರಾದ ನಕ್ಷೆ ಹಾಗೂ ಕರಾರು ಪತ್ರದ ನಮೂನೆಯನ್ನು ನೋಡಬಹುದು. ಮಾರಾಟ ಕರಾರು ನೋಂದಣಿಯಾಗುವ ಮೊದಲು ಮನೆಯ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣವನ್ನು ಯಾರೂ ಕೇಳುವಂತಿಲ್ಲ. ಉಲ್ಲಂಘನೆ ಕಂಡುಬಂದಲ್ಲಿ ಬಾಧಿತರು 31ನೇ ಕಲಮಿನಡಿ ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ ಜಾಲತಾಣದ ಮೂಲಕ, ಜಾಹೀರಾತಿನ ಪ್ರತಿ ಮತ್ತು ಪಾವತಿ ರಸೀದಿಗಳೊಂದಿಗೆ ದೂರು ಸಲ್ಲಿಸಬಹುದಾಗಿದೆ.