ದೇವರು ಅಳ್ತಾನೇನು?

ಊಟದ ಬಿಡುವಿನಲ್ಲಿ ಗೆಳತಿಯರು ನನ್ನನ್ನು ಆಗಾಗ ಕೇಳುತ್ತಾರೆ: "ನಿಮ್ಮ ಯೇಸುಸ್ವಾಮಿ ಹಸಿದ್ರಂತ, ಅತ್ತರಂತ, ಕಡೀಕ ಸತ್ತರಂತ. ಹಂಗಿದ್ರ ಅವರಿಗೆ ಕೈ ಮುಗಿಯೋದು ಹೆಂಗ?" ಇದು ಕೀಟಲೆಯ ಪ್ರಶ್ನೆಯಲ್ಲ. ಹುಟ್ಟಿಲ್ಲದ, ಸಾವಿಲ್ಲದ ಒಬ್ಬನೇ ಅಲ್ಲಾಹನನ್ನು ನಂಬುವವರಿಗೆ ಇದು ನಿಜವಾಗಿಯೂ ವಿಚಿತ್ರವಾಗಿ ಕಾಣುತ್ತದೆ. ನಮ್ಮ ಕಾಲೇಜಿನಲ್ಲಿ ಕ್ರೈಸ್ತ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು ಇದ್ದೇವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ಯಾರನ್ನೂ ಒಪ್ಪಿಸುವ ಉದ್ದೇಶ ನನಗಿಲ್ಲ.

ಮೊದಲು ನಂಬಿಕೆ ಏನೆಂದು ಹೇಳುತ್ತೇನೆ. ದೇವರು ಮನುಷ್ಯರನ್ನು ಪಾಪದಿಂದಲೂ ಸಾವಿನಿಂದಲೂ ಬಿಡಿಸಲು ಯೇಸುವಿನಲ್ಲಿ ಮನುಷ್ಯನಾಗಿ ಬಂದನು ಎನ್ನುತ್ತೇವೆ. ಮನುಷ್ಯನ ವೇಷ ಹಾಕಿಕೊಂಡು ಅಲ್ಲ, ನಿಜವಾಗಿ ಮನುಷ್ಯನಾಗಿ. ಈ ಮಾತನ್ನು ಹೇಗೆ ಹೇಳಬೇಕೆಂದು ಕ್ರೈಸ್ತರೇ ಶತಮಾನಗಟ್ಟಲೆ ಜಗಳಾಡಿದ್ದಾರೆ. ಕೊನೆಗೆ ಕ್ರಿ.ಶ. 451ರಲ್ಲಿ ಕಾಲ್ಸೆಡಾನ್ ಎಂಬಲ್ಲಿ ಸಭೆ ಸೇರಿ, ಯೇಸು ಪೂರ್ಣ ದೇವರೂ ಹೌದು, ಪೂರ್ಣ ಮನುಷ್ಯನೂ ಹೌದು ಎಂದು ತೀರ್ಮಾನಿಸಿದರು. ಅದನ್ನು ಒಪ್ಪದ ಸಭೆಗಳು ಬೇರೆಯಾದವು. ಆದ್ದರಿಂದ ನಿಮಗೆ ಇದು ಕಠಿಣ ಅನ್ನಿಸಿದರೆ ಅದರಲ್ಲಿ ಅಚ್ಚರಿಯೇನಿಲ್ಲ.

ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆ ಎಂಬ ಭಾಗವಿದೆ. ಯೆಹೂದ್ಯರಲ್ಲಿ ಆ ಕಾಲಕ್ಕೆ ಜನರ ಪರವಾಗಿ ದೇವರ ಮುಂದೆ ನಿಲ್ಲುತ್ತಿದ್ದವನು ಮಹಾಯಾಜಕ. ಯೇಸುವೇ ನಮ್ಮ ಮಹಾಯಾಜಕ, ಆತ ನಮ್ಮ ಹಾಗೆಯೇ ಎಲ್ಲ ಕಷ್ಟ, ಶೋಧನೆಗಳನ್ನು ಕಂಡವನು, ಆದರೆ ಪಾಪ ಮಾಡದವನು. ಆದ್ದರಿಂದ ನಮ್ಮ ಬಲಹೀನತೆ ಆತನಿಗೆ ಅರ್ಥವಾಗುತ್ತದೆ ಎಂಬುದು ಆ ಪತ್ರಿಕೆಯ ಮಾತಿನ ತಿರುಳು.

ಬ್ಯಾಡಗಿಯವರಿಗೆ ಇದನ್ನು ಮೆಣಸಿನಕಾಯಿ ಲೆಕ್ಕದಲ್ಲಿ ಹೇಳಬಹುದು. ಸೀಸನ್ನಿನಲ್ಲಿ ನಮ್ಮವ್ವ ತೊಟ್ಟು ಬಿಡಿಸಲು ಹೋಗುತ್ತಾಳೆ. (ನಮ್ಮ ಕಾಯಿಗೆ ಹೆಸರು ಬಂದದ್ದು ಬಣ್ಣಕ್ಕೆ, ಖಾರಕ್ಕಲ್ಲ ಎನ್ನುತ್ತಾರೆ. ಇಡೀ ದಿನ ಅದರ ಮುಂದೆ ಕೂತವರನ್ನು ಕೇಳಿ ನೋಡಿ!) ಕೈ ಉರಿಯುತ್ತದೆ ಎಂದರೆ ಎಲ್ಲರೂ "ಅಯ್ಯೋ ಪಾಪ" ಅನ್ನುತ್ತಾರೆ. ತಾನೂ ಒಂದು ಕಾಲಕ್ಕೆ ಅಲ್ಲೇ ಕೂತು ಬಿಡಿಸಿದ ಹೆಂಗಸು ಮಾತ್ರ ಏನೂ ಅನ್ನದೆ ಎದ್ದು ಹೋಗಿ ಕೊಬ್ಬರಿಎಣ್ಣೆ ತರುತ್ತಾಳೆ. ನೋವು ಉಣ್ಣದವರಿಗೆ ನೋವು ತಿಳಿಯದು ಎಂಬ ಅರ್ಥದ ಅಕ್ಕಮಹಾದೇವಿಯ ವಚನ ನಮಗೆಲ್ಲ ಗೊತ್ತಿರುವುದೇ. ದೇವರೂ ಹಾಗೆ ಪಕ್ಕದಲ್ಲಿ ಬಂದು ಕೂತನು ಎಂಬುದೇ ನಮ್ಮ ನಂಬಿಕೆ.

ಸುವಾರ್ತೆಗಳಲ್ಲಿ ಇದಕ್ಕೆ ಬೇಕಾದಷ್ಟು ಉದಾಹರಣೆಗಳಿವೆ. ಕೂಸಾಗಿದ್ದಾಗಲೇ ತಂದೆತಾಯಿ ಆತನನ್ನು ಎತ್ತಿಕೊಂಡು ಈಜಿಪ್ಟಿಗೆ ಓಡಬೇಕಾಯಿತು. ಬೆಳೆದ ಮೇಲೆ ಬಡಗಿ ಕೆಲಸ. ನಲವತ್ತು ದಿನ ಉಪವಾಸವಿದ್ದು ಹಸಿದ. ನಡೆದು ದಣಿದು ಸಮಾರ್ಯದ ಬಾವಿಯ ಹತ್ತಿರ ಕೂತು ನೀರು ಕೇಳಿದ. ಹಿಡಿಯಲು ಬಂದ ರಾತ್ರಿ ಶಿಷ್ಯರು ಓಡಿಹೋದರು. ಪೇತ್ರನಂತೂ ಆತನನ್ನು ತಾನರಿಯೆ ಎಂದು ಮೂರು ಸಲ ಹೇಳಿದ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಲಾಜರನ ಕಥೆ. ಗೆಳೆಯ ಲಾಜರ ಸತ್ತು ನಾಲ್ಕು ದಿನವಾದ ಮೇಲೆ ಯೇಸು ಬೇಥಾನ್ಯಕ್ಕೆ ಬರುತ್ತಾನೆ. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಬದುಕಿಸುವುದು ಆತನಿಗೆ ಗೊತ್ತು. ಆದರೂ ಅವನ ಅಕ್ಕತಂಗಿಯರ ಅಳು ಕಂಡು ತಾನೂ ಅಳುತ್ತಾನೆ. ಬದುಕಿಸುವವನು ಯಾಕೆ ಅಳಬೇಕು? ನನ್ನ ತಮ್ಮ ತೀರಿಕೊಂಡ ವರ್ಷ ಬಹಳ ಮಂದಿ ಬಂದು ದೇವರ ಇಚ್ಛೆ, ಹಣೆಬರಹ ಎಂದೆಲ್ಲ ಅವ್ವನಿಗೆ ಬುದ್ಧಿ ಹೇಳಿದರು. ಪಕ್ಕದ ಮನೆಯ ಖಾಲಾ ಒಂದು ಮಾತೂ ಆಡಲಿಲ್ಲ. ಅವ್ವನ ಕೈ ಹಿಡಿದು ಕೂತು ಅತ್ತರು. ಮೂರು ದಿನ ರೊಟ್ಟಿ, ಸಾರು ಅವರ ಮನೆಯಿಂದಲೇ ಬಂತು. ಯೇಸು ಯಾಕೆ ಅತ್ತನೆಂಬುದು ನನಗೆ ತಿಳಿದದ್ದು ಆಗ.

ಸುವಾರ್ತೆಗಳು ಯೇಸುವಿಗೆ ಕನಿಕರ ಬಂತು ಎನ್ನುವಾಗ ಬಳಸುವ ಗ್ರೀಕ್ ಪದ ಹೊಟ್ಟೆಯ ಒಳಭಾಗಗಳ ಹೆಸರಿನಿಂದ ಬಂದದ್ದು. ನಾವು ಕರುಳು ಚುರ್ ಅಂತು ಅನ್ನುತ್ತೇವಲ್ಲ, ಅದೇ. ಹೀಬ್ರೂವಿನಲ್ಲಿ ಕರುಣೆ ಎಂಬ ಪದ 'ರೆಹೆಮ್', ಅಂದರೆ ಗರ್ಭ, ಎಂಬುದಕ್ಕೆ ಸಂಬಂಧಿಸಿದೆ. ಅರಬ್ಬಿಯಲ್ಲೂ ಗರ್ಭಕ್ಕೆ 'ರಹಿಮ್' ಎನ್ನುತ್ತಾರೆ. ನೀವು ದಿನವೂ ಬಿಸ್ಮಿಲ್ಲಾ ಹೇಳುವಾಗ ಬರುವ ರಹಮಾನ್, ರಹೀಮ್ ಎರಡೂ ಅದೇ ಧಾತುವಿನವು.

ಹಾಗೆಂದು ಇಬ್ಬರದೂ ಒಂದೇ ಎಂದು ಸಾರಿಸಿಬಿಡುವುದು ನನಗೆ ಇಷ್ಟವಿಲ್ಲ. ಕುರಾನಿನಲ್ಲಿ ಮರಿಯಮರ ಹೆಸರಿನ ಸೂರಾ ಇದೆ, ಈಸಾ ಅಲೈಹಿಸ್ಸಲಾಮರಿಗೆ ದೊಡ್ಡ ಗೌರವವಿದೆ. ಆದರೆ ಅವರು ಪ್ರವಾದಿ, ದೇವರಲ್ಲ. ಅವರನ್ನು ಶಿಲುಬೆಗೇರಿಸಲಿಲ್ಲ ಎಂದು ಸೂರಾ ನಿಸಾ ಹೇಳುತ್ತದೆ. ನಮಗೆ ಶಿಲುಬೆಯಿಲ್ಲದೆ ಯೇಸುವಿಲ್ಲ. ಅಲ್ಲಾಹ್ ಮನುಷ್ಯನಾಗದೆಯೂ ಮನುಷ್ಯನಿಗೆ ಅತಿ ಹತ್ತಿರದಲ್ಲಿದ್ದಾನೆ, ಎಲ್ಲ ಬಲ್ಲ ಎಂದು ಒಬ್ಬ ಗೆಳತಿ ಹೇಳಿದಳು. ಒಳ್ಳೆಯ ಉತ್ತರ. ನನ್ನ ಉತ್ತರ ಬೇರೆ, ಅಷ್ಟೆ.

"ಅರ್ಥ ಆಗತೈತಿ ಅಂದ್ರ ನೋವು ಯಾಕ ನಿಲ್ಲಸೂದಿಲ್ಲ?" ಎಂದು ಅವಳೇ ಮತ್ತೆ ಕೇಳಿದಳು. ಇದಕ್ಕೆ ನನ್ನ ಹತ್ತಿರ ಪೂರಾ ಉತ್ತರವಿಲ್ಲ. ಶಿಲುಬೆಯ ಮೇಲೆ ಯೇಸುವೇ, ದೇವರೇ ಯಾಕೆ ಕೈಬಿಟ್ಟೆ ಎಂದು ಕೂಗಿದನು. ಅದು ಹಳೆಯ ಕೀರ್ತನೆಯೊಂದರ ಮೊದಲ ಮಾತು. ಆ ಪ್ರಶ್ನೆ ಕೇಳುವುದು ತಪ್ಪಲ್ಲ ಎಂಬಷ್ಟು ಧೈರ್ಯ ನನಗೆ ಅಲ್ಲಿಂದ ಸಿಕ್ಕಿದೆ.

ಓದಬೇಕೆನ್ನುವವರಿಗೆ ಕನ್ನಡದಲ್ಲೇ ದಾರಿಯಿದೆ. ನಿಘಂಟಿನ ಕಿಟೆಲ್ ಅವರು 1862ರಲ್ಲೇ 'ಕಥಾಮಾಲೆ' ಎಂಬ ಕೃತಿಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡ ಪದ್ಯದಲ್ಲಿ ಬರೆದರು. ಮಂಜೇಶ್ವರದ ಗೋವಿಂದ ಪೈ ಅವರ 'ಗೊಲ್ಗೊಥಾ' ಯೇಸುವಿನ ಕೊನೆಯ ದಿನದ ಕಾವ್ಯ. ಪೈ ಅವರು ಕ್ರೈಸ್ತರಲ್ಲ. ಬುದ್ಧನ ಕೊನೆಯ ದಿನದ ಮೇಲೂ 'ವೈಶಾಖಿ' ಬರೆದವರು. ಭಾಷೆ ಗಟ್ಟಿ, ಕನ್ನಡ ಉಪನ್ಯಾಸಕರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.

ಶುಭ ಶುಕ್ರವಾರದಂದು ನಮ್ಮ ಚರ್ಚಿನಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆರಾಧನೆ ಇರುತ್ತದೆ. ಶಿಲುಬೆಯ ಮೇಲಿನ ಏಳು ಮಾತುಗಳ ಬಗ್ಗೆ ಪ್ರಸಂಗ, ನಡುನಡುವೆ ಹಾಡು. ಯಾರು ಬೇಕಾದರೂ ಬಂದು ಹಿಂದಿನ ಬೆಂಚಿನಲ್ಲಿ ಕೂರಬಹುದು. ಆದರೆ ಅದೇ ಹೊತ್ತಿಗೆ ನಿಮಗೆ ಜುಮಾ ನಮಾಜು ಇರುತ್ತದಲ್ಲ, ಮುಗಿಸಿಕೊಂಡೇ ಬನ್ನಿ.