ಕೋಳಿಯ ಹೊಟ್ಟೆಯ ಹುಳ: ಗುರುತು ಮತ್ತು ಉಪಚಾರ

ನಮ್ಮ ಜತ್ತ, ಅಕ್ಕಲಕೋಟೆ ಕಡೆಯಲ್ಲಿ ಹಿತ್ತಲ ಕೋಳಿಯ ತತ್ತಿ ಮಾರಿ ಬಂದ ದುಡ್ಡು ಬಹುಮಟ್ಟಿಗೆ ಹೆಣ್ಣುಮಕ್ಕಳ ಕೈಯಲ್ಲಿ ಉಳಿಯುತ್ತದೆ. ಮಕ್ಕಳ ಪಾಟಿ, ಪುಸ್ತಕಕ್ಕೆ ಎಷ್ಟೋ ಮನೆಗಳಲ್ಲಿ ಅದೇ ಆಧಾರ. ಆದುದರಿಂದ ಕಾಳು ತಿಂದೂ ಸೊರಗುವ ಕೋಳಿಯನ್ನು ಅಲಕ್ಷಿಸಬಾರದು.

ಎರಡು ವರ್ಷದ ಹಿಂದೆ, ಮಿರಗದ ಮಳೆ ಮುಗಿದ ಮೇಲೆ, ನಮ್ಮ ಹೇಂಟೆಯೊಂದರ ಹನ್ನೊಂದು ಮರಿಗಳು ಎರಡು ತಿಂಗಳವಾಗಿದ್ದವು. ಹೊಟ್ಟೆ ತುಂಬ ತಿನ್ನುತ್ತಿದ್ದವು. ಆದರೆ ಎತ್ತಿ ನೋಡಿದರೆ ಎದೆಯೆಲುಬು ಕುಡಗೋಲಿನ ಅಂಚಿನಂತೆ ಕೈಗೆ ಹತ್ತುತ್ತಿತ್ತು. ಆಹಾರ ಸಾಲದೆಂದು ತಿಳಿದು ನಾವು ಜೋಳದ ನುಚ್ಚು ಹೆಚ್ಚಿಸಿದೆವು. ಆರು ಮರಿಗಳು ಒಂದೊಂದಾಗಿ ಸತ್ತವು. ಏಳನೆಯದು ಸತ್ತಾಗ ಕರುಳನ್ನು ಉದ್ದಕ್ಕೆ ಸೀಳಿ ನೋಡಿದೆವು. ಶಾವಿಗೆಯ ಎಳೆಗಳಂಥ ಬಿಳಿ ಹುಳಗಳು ಹೆಣೆದುಕೊಂಡು ದಾರಿಯನ್ನೇ ಕಟ್ಟಿದ್ದವು. ನಾವು ಹಾಕಿದ ನುಚ್ಚು ಯಾರ ಹೊಟ್ಟೆ ಸೇರುತ್ತಿತ್ತೆಂಬುದು ಆಗ ತಿಳಿಯಿತು.

ಇದು ದುಂಡುಹುಳ; ಶಾಸ್ತ್ರಜ್ಞರು ಅಸ್ಕರಿಡಿಯಾ ಗ್ಯಾಲ್ಲಿ ಎನ್ನುತ್ತಾರೆ. 5ರಿಂದ 12 ಸೆಂಟಿಮೀಟರ್ ಉದ್ದ ಬೆಳೆಯುತ್ತದೆ. ಇದರ ತತ್ತಿಗಳು ಬರಿಗಣ್ಣಿಗೆ ಕಾಣವು. ಹಿಕ್ಕೆಯೊಡನೆ ನೆಲಕ್ಕೆ ಬಿದ್ದು, ತೇವ ಮತ್ತು ಬೆಚ್ಚನೆಯ ಜಾಗದಲ್ಲಿ 10ರಿಂದ 20 ದಿನಗಳಲ್ಲಿ ಬಲಿಯುತ್ತವೆ. ಕೆದರಿ ತಿನ್ನುವ ಕೋಳಿ ಅವನ್ನು ನುಂಗಿದರೆ 5ರಿಂದ 8 ವಾರಗಳಲ್ಲಿ ಒಳಗೆ ಹೊಸ ಹುಳ ತಯಾರು. ಮೂರು ತಿಂಗಳೊಳಗಿನ ಮರಿಗಳಿಗೆ ಅಪಾಯ ಹೆಚ್ಚು. ದೊಡ್ಡ ಹೇಂಟೆಗಳು ಕೆಲವು ಹುಳ ಹೊತ್ತುಕೊಂಡೂ ಆರೋಗ್ಯವಾಗಿ ಕಾಣುತ್ತವೆ, ಮರಿಗಳಿಗೆ ಹಂಚುತ್ತಲೂ ಇರುತ್ತವೆ. ಈ ಹುಳ ಮನುಷ್ಯರಿಗೆ ಹತ್ತುವುದಿಲ್ಲ. ಎಂದಾದರೊಮ್ಮೆ ಒಡೆದ ತತ್ತಿಯೊಳಗೇ ಒಂದು ಹುಳ ಸಿಕ್ಕುವುದುಂಟು; ಅಸಹ್ಯವೇ ಹೊರತು ಮಾಟವಲ್ಲ.

ಜುಟ್ಟು ಬಿಳಿಚುವುದು, ರೆಕ್ಕೆ ಇಳಿಬೀಳುವುದು, ಹಿಕ್ಕೆ ತೆಳ್ಳಗಾಗುವುದು, ತತ್ತಿ ಕಡಿಮೆಯಾಗುವುದು, ಇವು ಗುರುತುಗಳು. ಆದರೆ ಬೇರೆ ರೋಗಗಳಲ್ಲಿಯೂ ಇವೇ ಕಾಣುತ್ತವೆ. ಆದಕಾರಣ ಮೂರು ನಾಲ್ಕು ಕೋಳಿಗಳ ಹೊಸ ಹಿಕ್ಕೆಯನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿ, ಸೂಕ್ಷ್ಮದರ್ಶಕವುಳ್ಳ ಜನಾವರ ದವಾಖಾನೆಗೆ ಅದೇ ದಿನ ಒಯ್ಯುವುದು ಒಳ್ಳೆಯದು. ಸತ್ತ ಒಂದೆರಡು ಕೋಳಿಯನ್ನು ಸೀಳಿ ನೋಡಿದರೆ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಅನೇಕ ಕೋಳಿಗಳು ಒಮ್ಮೆಲೇ ಸತ್ತರೆ ಮಾತ್ರ ಮುಟ್ಟದೆ ಡಾಕ್ಟರರಿಗೆ ತಿಳಿಸಬೇಕು. 2006ರಲ್ಲಿ ನಮ್ಮ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಬಂದದ್ದನ್ನು ಮರೆಯಬಾರದು.

ಅಂಗಡಿಯಲ್ಲಿ ‘ಜಂತನಾಶಕ’ ಎಂಬ ಮರಾಠಿ ಚೀಟಿ ಕಂಡೊಡನೆ ಕೊಂಡು ತರಬೇಡಿರಿ. ಎಲ್ಲ ಔಷಧ ಎಲ್ಲ ಹುಳಕ್ಕೆ ನಾಟುವುದಿಲ್ಲ. ಪಿಪೆರಜಿನ್ ದುಂಡುಹುಳಕ್ಕೆ ಒಳ್ಳೆಯದು. ಹಿಕ್ಕೆಯಲ್ಲಿ ಅಕ್ಕಿಕಾಳಿನಂಥ ಬಿಳಿ ತುಂಡುಗಳು ಬಿದ್ದರೆ ಅದು ಲಾಡಿಹುಳ. ಪಿಪೆರಜಿನ್ ಅದನ್ನು ಮುಟ್ಟದು. ಅದು ಇರುವೆ, ದುಂಬಿ, ನೊಣಗಳನ್ನು ತಿನ್ನುವುದರಿಂದ ಬರುತ್ತದೆ, ಅದಕ್ಕೆ ಔಷಧವೇ ಬೇರೆ. ಎಮ್ಮೆಗೆ ತಂದ ಬಾಟಲಿಯಿಂದ ಅಂದಾಜಿನಲ್ಲಿ ಸುರಿಯುವುದಂತೂ ಕೂಡದು. ಕೋಳಿಯ ತೂಕ ಹೇಳಿ ಪ್ರಮಾಣ ಬರೆಯಿಸಿಕೊಳ್ಳಿರಿ. ಎಷ್ಟು ದಿನ ತತ್ತಿ, ಮಾಂಸ ತಿನ್ನಬಾರದೆಂಬುದನ್ನೂ ಕೇಳಿರಿ.

ನೀರಿನಲ್ಲಿ ಕೊಡುವ ಔಷಧವಾದರೆ ಸಂಜೆ ನೀರಿನ ಪಾತ್ರೆ ತೆಗೆದಿಟ್ಟು, ಬೆಳಗಿನಲ್ಲಿ ಬಾಯಾರಿದ ಕೋಳಿಗಳಿಗೆ ಬೇಗ ಮುಗಿಯುವಷ್ಟು ನೀರಿನಲ್ಲಿಯೇ ಕಲಸಿ ಇಡಬೇಕು. ನಾವು ಒಮ್ಮೆ ಕೊಟ್ಟು ಮುಗಿಯಿತೆಂದುಕೊಂಡೆವು. ಕರುಳಿನ ಗೋಡೆಯಲ್ಲಿ ಹುದುಗಿದ ಎಳೆಯ ಹುಳಗಳು ಉಳಿದಿದ್ದವು. ತಿಂಗಳೊಳಗೆ ಮರಿಗಳು ಮತ್ತೆ ಬಾಡಿದವು. ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಕೊಟ್ಟ ಮೇಲೆಯೇ ಉಳಿದ ನಾಲ್ಕು ಚೇತರಿಸಿಕೊಂಡವು. ಮಾನಮೋಡಿ ಲಸಿಕೆ ಹಾಕಿಸುವವರು ಒಂದು ವಾರ ಮೊದಲು ಹುಳದ ಔಷಧ ಕೊಟ್ಟಿರಬೇಕು.

ನೆಲ ಹಸಿಯಾಗಿದ್ದರೆ ಔಷಧದ ಖರ್ಚು ವ್ಯರ್ಥ. ಹುಳದ ತತ್ತಿಗಳು ತೇವದ ನೆರಳಿನಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ. ಒಣಗಿದ ನೆಲ, ಸುಡುವ ಬಿಸಿಲು ಅವಕ್ಕೆ ಆಗದು. ನಮ್ಮ ಕಡೆ ಬಿಸಿಲಿಗೇನು ಬರವೇ? ತೇವ ನಿಲ್ಲುವುದು ನೀರಿನ ಪಾತ್ರೆಯ ಸುತ್ತ ಮತ್ತು ಬುಟ್ಟಿಯ ಅಡಿಯಲ್ಲಿ. ನಾವೀಗ ಪಾತ್ರೆಯನ್ನು ಬಂಡೆಗಲ್ಲಿನ ಮೇಲಿಟ್ಟಿದ್ದೇವೆ, ಬುಟ್ಟಿಯನ್ನು ದಿನವೂ ಬಿಸಿಲಿಗೆ ಬೋರಲು ಹಾಕುತ್ತೇವೆ, ಹಿಕ್ಕೆಯನ್ನು ಕೋಳಿ ಕೆದರದಂತೆ ಗುಂಡಿಯಲ್ಲಿ ಮಣ್ಣು ಮುಚ್ಚಿ ಕೊಳೆಯಿಸುತ್ತೇವೆ. ಮರಿಗಳು ತಾಯಿಯನ್ನು ಬಿಟ್ಟ ಮೇಲೆ ಮೂರು ತಿಂಗಳು ತುಂಬುವವರೆಗೆ ಅವಕ್ಕೆ ಬೇರೆ ಅಂಗಳ.