ಕುಲಾವಿ ತಿಂದ ಕಳ್ಳ

ತಂಗಿಯ ಬಸುರಿ ಮಗಳಿಗೆ ಏಳು ತಿಂಗಳು ತುಂಬಿದ ವಾರ, ಸಾಗರದ ಮನೆಯಲ್ಲಿ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯಿತು. ಒಳಗಿದ್ದವು 27 ವರ್ಷದ ಹಿಂದೆ ಅವಳೇ ತೊಟ್ಟ ಬಟ್ಟೆಗಳು: ಹಿಂದೆ ಲಾಡಿ ಕಟ್ಟುವ ತೆಳು ಅಂಗಿ, ಹಳೆ ಸೀರೆ ಹರಿದು ಹೊಲಿದ ಲಂಗೋಟಿ, ಒಂದು ಕುಂಚಿಗೆ, ಮತ್ತು ಅಮ್ಮ ಕೈಯಾರೆ ಹೆಣೆದ ಹಳದಿ ಉಣ್ಣೆಯ ಕುಲಾವಿ. ಅಂಗಿ, ಲಂಗೋಟಿ ಹಾಗೇ ಇದ್ದವು. ಕುಲಾವಿ ಮಾತ್ರ ಜರಡಿಯಾಗಿತ್ತು.

"ಬಾಕಿಯದ್ದೆಲ್ಲ ಒಗೆದೇ ಇಟ್ಟಿದ್ದೆ ಕಣೇ. ಇದೊಂದನ್ನ ಒಗೀಲಿಲ್ಲ. ಮಗೂ ವಾಸನೆ ಇರ್ಲಿ ಅಂತ" ಎಂದರು ಅಮ್ಮ. ಆಮೇಲೆ, ತಮ್ಮ ತಪ್ಪಿಲ್ಲ ಎನ್ನುವಂತೆ, "ನುಸಿಗುಳಿಗೆ ಬೇರೆ ಹಾಕಿದ್ದೆ" ಎಂದು ಸೇರಿಸಿದರು.

ಕುಲಾವಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ತೂತುಗಳು ಎಲ್ಲೆಂದರಲ್ಲಿ ಇರಲಿಲ್ಲ. ನೆತ್ತಿಯ ಭಾಗ ಹೆಚ್ಚು ಕಡಿಮೆ ಗಟ್ಟಿಯಾಗಿತ್ತು. ಕೆನ್ನೆಯ ಪಕ್ಕದ ಪಟ್ಟಿ, ಗದ್ದದ ಕೆಳಗಿನ ಅಂಚು, ಅಂದರೆ ಕುಡಿದ ಹಾಲು ಕಕ್ಕಿದಾಗ ಇಳಿಯುವ ದಾರಿ, ಪೂರ್ತಿ ಮಾಯವಾಗಿತ್ತು. ಟ್ರಂಕಿನ ಮೂಲೆಯಲ್ಲಿ ಸಣ್ಣ ರವೆಯಂಥ ಹಳದಿ ಕಾಳುಗಳು ಉಳಿದಿದ್ದವು. ಅದು ರವೆಯಲ್ಲ, ಹುಳದ ಹಿಕ್ಕೆ. ತಿಂದ ಉಣ್ಣೆಯ ಬಣ್ಣವೇ ಹಿಕ್ಕೆಗೂ ಬರುತ್ತದೆ.

ಈ ಕಳ್ಳನಿಗೆ ನಮ್ಮಲ್ಲಿ ನುಸಿ ಎಂದೇ ಹೆಸರು. ಧಾನ್ಯಕ್ಕೆ ಬೀಳುವ ಹುಳಕ್ಕೂ ಗಿಡದ ಎಲೆ ಮುರುಟಿಸುವ ಜೀವಿಗೂ ಅದೇ ಹೆಸರಿರುವುದರಿಂದ ಇಲ್ಲಿ ಬಟ್ಟೆನುಸಿ ಎನ್ನೋಣ. ವಿಜ್ಞಾನಿಗಳು ಕರೆಯುವುದು ಟೈನಿಯೋಲಾ ಬಿಸೆಲಿಯೆಲ್ಲಾ ಎಂದು. ಗೋಧಿ ಹುಲ್ಲಿನ ಬಣ್ಣದ, ಅಕ್ಕಿಕಾಳಿನಷ್ಟು ಉದ್ದದ ಪುಟ್ಟ ಪತಂಗ. ದೀಪಕ್ಕೆ ಮುತ್ತುವ ಪತಂಗಗಳನ್ನು ಕಂಡು ಬಟ್ಟೆಗೆ ಕುತ್ತು ಬಂತೆಂದು ಹೆದರಬೇಕಿಲ್ಲ. ಬಟ್ಟೆನುಸಿಗೆ ಬೆಳಕೆಂದರೆ ಆಗದು. ಕಪಾಟಿನ ಬಾಗಿಲು ತೆಗೆದ ಕೂಡಲೇ ಮಡಿಕೆಗಳ ಸಂದಿಗೆ ಓಡಿ ಅಡಗುತ್ತದೆ.

ಇನ್ನೊಂದು ವಿಚಿತ್ರವೆಂದರೆ, ಹಾರುವ ಪತಂಗ ಬಟ್ಟೆಯನ್ನು ತಿನ್ನುವುದೇ ಇಲ್ಲ. ಅದಕ್ಕೆ ತಿನ್ನಲು ಕೆಲಸಕ್ಕೆ ಬರುವ ಬಾಯೇ ಇಲ್ಲ. ಜೋಡಿ ಹುಡುಕುವುದು, ಮೊಟ್ಟೆಯಿಡುವುದು, ಸಾಯುವುದು, ಇಷ್ಟೇ ಅದರ ಪಾಲಿನ ಕೆಲಸ. ತಿನ್ನುವುದೆಲ್ಲ ಮರಿಹುಳ. ಒಂದು ಹೆಣ್ಣು ನೂಲಿನ ಸಂದುಗಳಲ್ಲಿ ನಲವತ್ತು ಐವತ್ತು ಮೊಟ್ಟೆಗಳನ್ನು ಅಂಟಿಸಿ ಹೋಗುತ್ತದೆ. ಹೊರಬಂದ ಮರಿ ತನ್ನ ಸುತ್ತ ರೇಷ್ಮೆಯ ಸುರಂಗ ನೇಯ್ದುಕೊಂಡು ಅದರೊಳಗೆ ಕೂತು ಮೇಯುತ್ತದೆ. ಊಟ ಚೆನ್ನಾಗಿದ್ದು ಸೆಕೆಯೂ ಇದ್ದರೆ ಎರಡು ತಿಂಗಳಲ್ಲಿ ಬೆಳೆದು ಮುಗಿಯಿತು. ಇಲ್ಲವಾದರೆ ಎರಡು ವರ್ಷದವರೆಗೂ ಮರಿಯಾಗಿಯೇ ಎಳೆಯಬಲ್ಲದು.

ಇದರ ಹತ್ತಿರದ ನೆಂಟನನ್ನು ನೀವು ಗೋಡೆಯ ಮೇಲೆ ಕಂಡಿರುತ್ತೀರಿ. ಸೌತೆಬೀಜದಂತೆ ಚಪ್ಪಟೆಯಾದ ಬೂದುಬಣ್ಣದ ಚೀಲವೊಂದು ಸುಣ್ಣದ ಗೋಡೆಯಲ್ಲಿ ಮೆಲ್ಲಗೆ ತೆವಳುತ್ತಿರುತ್ತದೆ. ಮುಟ್ಟಿದರೆ ಈ ತುದಿಯ ತಲೆ ಒಳಗೆ ಸರಿದು, ಸ್ವಲ್ಪ ಹೊತ್ತಿಗೆ ಆ ತುದಿಯಿಂದ ಇಣುಕುತ್ತದೆ. ಅದೂ ಇದೇ ಕುಟುಂಬದ್ದು. ಜೇಡರ ಬಲೆ, ಉದುರಿದ ಕೂದಲು, ಸತ್ತ ಕೀಟ ಅದರ ಊಟ.

ಬಟ್ಟೆನುಸಿ ಜೀರ್ಣಿಸಿಕೊಳ್ಳುವ ವಸ್ತು ಸಾಮಾನ್ಯದ್ದಲ್ಲ. ಉಣ್ಣೆ, ಕೂದಲು, ಗರಿ, ಉಗುರು ಎಲ್ಲವೂ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದವು. ಬಚ್ಚಲ ಮೋರಿಯಲ್ಲಿ ಸಿಕ್ಕಿಕೊಂಡ ಕೂದಲು ವರ್ಷ ಕಳೆದರೂ ಕೊಳೆಯದಿರುವುದನ್ನು ನೆನೆಸಿಕೊಳ್ಳಿ. ಕೆರಾಟಿನ್ನಿನ ಎಳೆಗಳನ್ನು ಗಂಧಕದ ಪರಮಾಣುಗಳ ಜೋಡಿಗಳು ಉದ್ದಕ್ಕೂ ಹೊಲಿದು ಹಿಡಿದಿರುತ್ತವೆ. ನಮ್ಮ ಹೊಟ್ಟೆಯ ಕಿಣ್ವಗಳಿಗೆ ಆ ಹೊಲಿಗೆ ಬಿಚ್ಚಲು ಬರುವುದಿಲ್ಲ. 1930ರ ದಶಕದಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಲಿಂಡರ್ಸ್ಟ್ರಾಮ್ ಲ್ಯಾಂಗ್ ಮತ್ತು ಡುಸ್ಪೀವಾ ಈ ಹುಳದ ಕರುಳನ್ನು ಪರೀಕ್ಷಿಸಿ ಗುಟ್ಟು ಹಿಡಿದರು. ಅದರ ನಡುಗರುಳು ಸೋಪಿನ ನೀರಿನಷ್ಟು ಕ್ಷಾರ, ಜೊತೆಗೆ ಬಲವಾದ ಅಪಕರ್ಷಣ ಗುಣವುಳ್ಳದ್ದು. ಮೊದಲು ಗಂಧಕದ ಹೊಲಿಗೆ ಬಿಚ್ಚಿಕೊಳ್ಳುತ್ತದೆ, ಆಮೇಲೆ ಕಿಣ್ವಗಳು ಎಳೆಯನ್ನು ಕತ್ತರಿಸುತ್ತವೆ. ದರ್ಜಿಯೂ ಹಳೆ ಅಂಗಿಯನ್ನು ಇದೇ ಕ್ರಮದಲ್ಲಿ ಬಿಡಿಸುತ್ತಾನೆ. ನೀರನ್ನೂ ಅದು ಬೇರೆ ಕುಡಿಯಬೇಕಿಲ್ಲ. ತಿಂದ ಒಣ ಉಣ್ಣೆ ಮೈಯೊಳಗೆ ಉರಿಯುವಾಗ ಹುಟ್ಟುವ ನೀರೇ ಬಹುಪಾಲು ಸಾಕು.

ಆದರೆ ಬರಿಯ ಉಣ್ಣೆ ಅದಕ್ಕೆ ಬಡವನ ಊಟ. ಚೊಕ್ಕಟವಾಗಿ ತೊಳೆದ ಉಣ್ಣೆಯ ಮೇಲೆ ಬಿಟ್ಟ ಮರಿಗಳು ಸರಿಯಾಗಿ ಬೆಳೆಯುವುದಿಲ್ಲ. ಬಿ ಜೀವಸತ್ವಗಳು, ಲವಣಗಳು ಅವಕ್ಕೆ ಬೇಕು, ಅವು ಸಿಗುವುದು ಬೆವರು, ಜೊಲ್ಲು, ಹಾಲು, ಆಹಾರದ ಕಲೆಗಳಲ್ಲಿ. ಉಣ್ಣೆ ಅನ್ನವಾದರೆ ಕಲೆ ಸಾರು. ಅಮ್ಮ 27 ವರ್ಷ ಕಾಪಾಡಬೇಕೆಂದಿದ್ದ ಆ ವಾಸನೆಯೇ ಹುಳಕ್ಕೆ ಎಲೆ ಹಾಕಿ ಕರೆದಿತ್ತು. ಕೆನ್ನೆಯ ಪಟ್ಟಿ ಹೋಗಿ ನೆತ್ತಿ ಉಳಿದ ಲೆಕ್ಕ ಇದು.

ಹತ್ತಿಯ ಅಂಗಿಗಳು ಉಳಿದದ್ದು ಹತ್ತಿಯಲ್ಲಿ ಕೆರಾಟಿನ್ ಇಲ್ಲದ್ದರಿಂದ. ಹಾಗಂತ ಹತ್ತಿಗೆ ಶತ್ರುವೇ ಇಲ್ಲವೆಂದಲ್ಲ. ಹಳೆಯ ಪುಸ್ತಕ ತೆರೆದಾಗ ಮಿಂಚಿ ಮರೆಯಾಗುವ ಬೆಳ್ಳಿಹುಳಕ್ಕೆ ಗಂಜಿ ಹಾಕಿದ ಹತ್ತಿಬಟ್ಟೆ ಹಬ್ಬದೂಟ. 1956ರಲ್ಲಿ ಲ್ಯಾಸ್ಕರ್ ಮತ್ತು ಗೀಸಿ ಎಂಬಿಬ್ಬರು ವಿಜ್ಞಾನಿಗಳು, ಕರುಳಿನ ಬ್ಯಾಕ್ಟೀರಿಯಾಗಳ ನೆರವಿಲ್ಲದೆ ಈ ಹುಳ ತಾನೇ ಸೆಲ್ಯುಲೋಸನ್ನು ಅರಗಿಸಬಲ್ಲದು ಎಂದು ತೋರಿಸಿದರು. ಅದಕ್ಕೆ ತೇವವೂ ಬೇಕು. ಮಲೆನಾಡಿನ ಮಳೆಗಾಲ ಆ ಉಪಕಾರವನ್ನು ಧಾರಾಳವಾಗಿ ಮಾಡುತ್ತದೆ.

ಇನ್ನು ಅಮ್ಮನ ನುಸಿಗುಳಿಗೆಯ ಕತೆ. ಟ್ರಂಕಿನಲ್ಲಿ ಅದರ ಗುರುತೂ ಇರಲಿಲ್ಲ. ಗುಳಿಗೆಯ ನ್ಯಾಫ್ತಲೀನ್ ಕರಗಿ ನೀರಾಗದೆ, ಕರ್ಪೂರದ ಹಾಗೆ ಗಟ್ಟಿಯಿಂದ ನೇರ ಆವಿಯಾಗುತ್ತದೆ. ಹುಳವನ್ನು ಕೊಲ್ಲುವುದು ಆ ಆವಿಯೇ. ಆದರೆ ಗಾಳಿಯಾಡದ ಡಬ್ಬಿಯಲ್ಲಿ ಆವಿ ದಟ್ಟವಾಗಿ ತುಂಬಿದಾಗ ಮಾತ್ರ. ಮುಚ್ಚಳ ಸೊಟ್ಟಗಾದ ನಮ್ಮ ಟ್ರಂಕಿನಲ್ಲಿ ಆವಿ ಸಂದಿಯಿಂದ ಅಟ್ಟಕ್ಕೆ, ಅಟ್ಟದಿಂದ ಮನೆಗೆ ಹರಡಿತು. ಅಂದರೆ ಕೆಲವು ತಿಂಗಳು ಅದನ್ನು ಉಸಿರಾಡಿದ್ದು ಹುಳಕ್ಕಿಂತ ಹೆಚ್ಚಾಗಿ ನಾವು.

ದೊಡ್ಡವರಿಗೆ ಅದೊಂದು ವಾಸನೆ ಅಷ್ಟೆ ಅನ್ನಿಸಬಹುದು. ಕೆಲವು ಹಸುಗೂಸುಗಳಿಗೆ ಅದು ವಿಷ. ನ್ಯಾಫ್ತಲೀನ್ ಮೈಯೊಳಗೆ ಸೇರಿ ಒಡೆದಾಗ ಹುಟ್ಟುವ ವಸ್ತುಗಳು ಕೆಂಪು ರಕ್ತಕಣಗಳಿಗೆ ತುಕ್ಕು ಹಿಡಿಸಿದಂತೆ ಮಾಡುತ್ತವೆ. ಅದನ್ನು ತಡೆಯಲು ಕಣಗಳಲ್ಲಿ ಜಿ6ಪಿಡಿ ಎಂಬ ಕಿಣ್ವವಿದೆ. ಈ ಕಿಣ್ವದ ಕೊರತೆಯೊಂದಿಗೆ ಹುಟ್ಟುವವರು ಲೋಕದಲ್ಲಿ ಕೋಟಿಗಟ್ಟಲೆ. ಭಾರತದ ಹಲವು ಸಮುದಾಯಗಳಲ್ಲೂ ಇದು ಇದೆ. ಇದರ ಜೀನು ಎಕ್ಸ್ ವರ್ಣತಂತುವಿನಲ್ಲಿರುವ ಕಾರಣ ಗಂಡುಮಕ್ಕಳಲ್ಲಿ ಹೆಚ್ಚು. ಅಂಥ ಮಗುವಿನ ರಕ್ತಕಣಗಳು ಒಡೆಯುತ್ತವೆ, ಕಾಮಾಲೆ ಏರುತ್ತದೆ. ಎಳೆಯ ಯಕೃತ್ತು ನಿಭಾಯಿಸಲಾರದಷ್ಟಾದರೆ ಮಿದುಳಿಗೇ ಪೆಟ್ಟು. 1963ರಲ್ಲಿ ಗ್ರೀಸ್ ದೇಶದ ವೈದ್ಯರು ಹೀಗೆ ಕಾಯಿಲೆ ಬಿದ್ದ 21 ನವಜಾತ ಶಿಶುಗಳ ವಿವರ ಪ್ರಕಟಿಸಿದರು. ಗುಳಿಗೆ ಹಾಕಿಟ್ಟಿದ್ದ ಕಂಬಳಿ, ಬಟ್ಟೆಗಳ ಆವಿ ಉಸಿರಿಗೆ ಸೇರಿದ್ದೇ ಕಾರಣವಾಗಿತ್ತು. ಐರೋಪ್ಯ ಒಕ್ಕೂಟ 2008ರಲ್ಲಿ ನ್ಯಾಫ್ತಲೀನ್ ಗುಳಿಗೆಗಳನ್ನು ನಿಷೇಧಿಸಿತು. ನಮ್ಮ ಮನೆಗಳಲ್ಲಿ ಇನ್ನೂ ಒಂದು ಅಪಾಯ ಕೂಡಿಕೊಳ್ಳುತ್ತದೆ. ನ್ಯಾಫ್ತಲೀನ್ ಎಣ್ಣೆಯಲ್ಲಿ ಸಲೀಸಾಗಿ ಕರಗುತ್ತದೆ. ಎಣ್ಣೆ ತಿಕ್ಕಿದ ಮೈಗೆ ಗುಳಿಗೆಯ ವಾಸನೆಯ ಅಂಗಿ ತೊಡಿಸಿದರೆ ಚರ್ಮದಿಂದಲೂ ಒಳಗೆ ಇಳಿಯುತ್ತದೆ.

ಹಾಗಾದರೆ ಇಡುವುದು ಹೇಗೆ? ಕಲೆ ಕಾಣದಿದ್ದರೂ ಒಗೆಯಬೇಕು. ಕಾಣದ ಹಾಲಿನ ಜಿಡ್ಡು ಗಾಳಿಯೊಡನೆ ಬೆರೆತು ವರ್ಷಗಳ ಮೇಲೆ ಹಳದಿ ಕಲೆಯಾಗಿ ಏಳುತ್ತದೆ. ಗಂಜಿ ಹಾಕಬಾರದು. ಪಿನ್ನು, ಕಬ್ಬಿಣದ ಒತ್ತುಗುಂಡಿ ತುಕ್ಕು ಬಿಡುತ್ತವೆ, ತೆಗೆಯಬೇಕು. ಬಿಸಿಲಿಗೆ ಗರಿಗರಿ ಒಣಗಿಸಿ, ಆರಿದ ಮೇಲೆ ಮಡಿಸಿ, ಒಗೆದ ಹಳೆ ಪಂಚೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟರೆ ಹತ್ತಿಗೆ ಅಷ್ಟು ಸಾಕು. ಬೇವಿನೆಲೆ, ಲಾವಂಚ ಇಟ್ಟರೆ ಪರಿಮಳಕ್ಕಾಯಿತು. ಒಳಗಿರುವ ಮೊಟ್ಟೆಯನ್ನು ಅವು ಕೊಲ್ಲುತ್ತವೆಂದು ನಂಬಿ ಕೂರುವ ಹಾಗಿಲ್ಲ.

ಉಣ್ಣೆಗೆ ಮಾತ್ರ ಒಂದು ಹೆಚ್ಚಿನ ಉಪಚಾರ. ಗಾಳಿಯಾಡದ ಕವರಿನಲ್ಲಿ ಹಾಕಿ, ಮನೆಯ ಫ್ರೀಜರಿನಲ್ಲಿ, ಅಂದರೆ ಮೈನಸ್ 18 ಡಿಗ್ರಿಯಲ್ಲಿ, ಎರಡು ವಾರ ಇಟ್ಟರೆ ಮೊಟ್ಟೆ, ಮರಿ, ಪತಂಗ ಎಲ್ಲವೂ ಸಾಯುತ್ತವೆ. ಹೊರತೆಗೆದ ಮೇಲೆ ಕವರನ್ನು ಕೂಡಲೇ ಬಿಚ್ಚಬಾರದು, ಹೊರಗಿನ ಗಾಳಿಯ ಪಸೆ ಬಟ್ಟೆಗೆ ಕೂರುತ್ತದೆ. ಇಂದಿನ ಮಕ್ಕಳ "ಉಲ್ಲನ್" ಟೋಪಿಗಳಲ್ಲಿ ಬಹಳಷ್ಟು ಅಕ್ರಿಲಿಕ್. ಅವಕ್ಕೆ ಇಷ್ಟೆಲ್ಲ ಬೇಡ. ವರ್ಷಕ್ಕೊಮ್ಮೆ, ಮಳೆ ಹಿಂದೆ ಸರಿದ ದೀಪಾವಳಿಯ ಹೊತ್ತಿಗೆ, ಎಲ್ಲವನ್ನೂ ಹೊರಗೆ ಹರವಿ ಕೊಡವಿ ಬಿಸಿಲು ತೋರಿಸುವುದು ಹಳೆಯ ಪದ್ಧತಿ. ನಿಶ್ಶಬ್ದ, ಕತ್ತಲೆ, ಸಂದಿ ಬಯಸುವ ಹುಳಕ್ಕೆ ಅದಕ್ಕಿಂತ ಕಿರುಕುಳ ಬೇರೆ ಇಲ್ಲ.

ಇದನ್ನೆಲ್ಲ ಕೇಳಿ ಅಮ್ಮ ಕುಲಾವಿಯನ್ನು ಒಮ್ಮೆ ಮೂಗಿಗೆ ಹಿಡಿದರು. "ಮಗೂ ವಾಸನೆ ಎಲ್ಲಿದೆ, ಬರೀ ಟ್ರಂಕಿನ ವಾಸನೆ" ಎಂದು ಬಚ್ಚಲಿಗೆ ಹೋಗಿ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದರು. ಹೊಸ ಮಗುವಿಗೆ ಅದು ಬಾರದು, ಆದರೂ ಎಸೆಯುವ ಮಾತಿಲ್ಲ. ಒಣಗಿದ ಕುಲಾವಿ ಈಗ ಫ್ರೀಜರಿನಲ್ಲಿ ಹಸಿಬಟಾಣಿಯ ಪಾಕೀಟಿನ ಪಕ್ಕ ಎರಡು ವಾರದ ವಾಸಕ್ಕೆ ಕೂತಿದೆ. ಮೇಲೆ ಅಮ್ಮನ ಕೈಬರಹದ ಚೀಟಿ: "ತಿನ್ನೋದಲ್ಲ."